ಮನೆಯ ಹಣಕಾಸು ಒಬ್ಬರದೇ ಗುಟ್ಟಾಗದಿರಲಿ



ಯಾವ ವ್ಯವಸ್ಥೆಯ ಒಳಗುಟ್ಟೂ ಒಬ್ಬರಿಗೆ ಮಾತ್ರ ಗೊತ್ತಿರಬಾರದು ಎಂಬುದು ಸಾಫ್ಟ್‌ವೇರ್ ಕೆಲಸದ ಮೊದಲ ಪಾಠ. ಆದರೆ ನಮ್ಮಂಥ ಪ್ರೋಗ್ರಾಮರುಗಳ ಮನೆಯ ಹಣಕಾಸೆಲ್ಲ ಒಂದೇ ಫೋನಿನಲ್ಲಿ, ಒಬ್ಬರದೇ ಬೆರಳಚ್ಚಿನ ಹಿಂದೆ ಕೂತಿದೆ. ಹಿಂದೆ ಪಾಸ್‌ಬುಕ್, ವಿಮಾ ಬಾಂಡು ಬೀರುವಿನಲ್ಲಿರುತ್ತಿದ್ದವು. ಓದು ಬಾರದ ತಾಯಿಗೂ ಆ ಕಟ್ಟು ಎಲ್ಲಿದೆಯೆಂದು ಗೊತ್ತಿತ್ತು. ಈಗ ಮ್ಯೂಚುವಲ್ ಫಂಡ್, ಡಿಮ್ಯಾಟ್ ಷೇರು, ಟರ್ಮ್ ವಿಮೆ ಎಲ್ಲವೂ ಇಮೇಲಿಗೆ ಬರುವ ಪಿಡಿಎಫ್. ಆ ಒಬ್ಬರು ತೀರಿಕೊಂಡು ಸಿಮ್ ನಿಂತುಹೋದರೆ ಒಟಿಪಿಯೂ ಇಲ್ಲ.

ನಾಮಿನಿ ಹೆಸರು ಕೊಟ್ಟಿದ್ದೇವಲ್ಲ ಎನ್ನುವವರಿದ್ದಾರೆ. ಕೊಡಲೇಬೇಕು, 2025ರ ನವೆಂಬರ್‌ನಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಆದರೆ ಖಾತೆ ಇದೆಯೆಂದೇ ತಿಳಿಯದ ನಾಮಿನಿ ಯಾವ ಬ್ಯಾಂಕಿನ ಬಾಗಿಲು ತಟ್ಟಬೇಕು? ಅಲ್ಲದೆ ಷೇರುಗಳ ನಾಮಿನಿ ಅವುಗಳ ಒಡೆಯನಲ್ಲ, ಉತ್ತರಾಧಿಕಾರ ಕಾನೂನೇ ಅಂತಿಮ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿದೆ. ವಾರಸುದಾರರಿಲ್ಲದ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್ ಇದೆ, ನಿಜ. ಆದರೆ ಅದರಲ್ಲಿ ಸಿಗುವುದು ಹತ್ತು ವರ್ಷ ಯಾರೂ ಮುಟ್ಟದ ಹಣ. ಅಲ್ಲಿಯವರೆಗೆ ಮಕ್ಕಳ ಶುಲ್ಕ, ಮನೆ ಸಾಲದ ಕಂತು ಕಾಯುತ್ತವೆಯೇ?

ಪಾಸ್‌ವರ್ಡ್ ಹಂಚಿಕೊಳ್ಳುವುದು ಅಪಾಯವೆಂಬ ಆಕ್ಷೇಪ ಸರಿಯಾದದ್ದೇ, ಈ ಸೈಬರ್ ವಂಚನೆಯ ಕಾಲದಲ್ಲಂತೂ. ಆದರೆ ಇಲ್ಲಿ ಪಾಸ್‌ವರ್ಡ್ ಬೇಕಿಲ್ಲ. ಯಾವ ಬ್ಯಾಂಕು, ಯಾವ ಫೋಲಿಯೊ, ಯಾವ ಪಾಲಿಸಿ, ಎಷ್ಟು ಸಾಲ ಎಂಬ ಒಂದು ಹಾಳೆ, ಅದೂ ಹೆಂಡತಿ ಅಥವಾ ಗಂಡನ ಜೊತೆ ಕೂತು ಬರೆದದ್ದು, ಸಾಕು. ಹೂಡಿಕೆಯ ಪುರಾವೆಗಾಗಿ ಪ್ರತಿವರ್ಷ ಉದ್ಯೋಗಿಗಳ ಬೆನ್ನು ಬೀಳುವ ಕಂಪನಿಗಳು ಆಗಲೇ ಈ ಹಾಳೆಯನ್ನೂ ನೆನಪಿಸಲಿ.

– ಒಬ್ಬ ಪ್ರೋಗ್ರಾಮರ್, ಬೆಂಗಳೂರು