ಪೆಟ್ಟಿಗೆ ಕೂಗಿದರೆ ಸಾಲದು, ಅಂಗಡಿಗೆ ಲೆಕ್ಕ ಬೇಕು

2025ರ ಜುಲೈನಲ್ಲಿ ಬೆಂಗಳೂರಿನ ಹಲವು ಅಂಗಡಿಗಳ ಮುಂದೆ ಒಂದು ಚೀಟಿ ಕಾಣಿಸಿಕೊಂಡಿತು: 'ಯುಪಿಐ ಇಲ್ಲ, ನಗದು ಮಾತ್ರ'. ಅಲ್ಲಿಯವರೆಗೆ ಹತ್ತು ರೂಪಾಯಿ ಚಹಾಕ್ಕೂ ಸ್ಕ್ಯಾನರ್ ಮುಂದೆ ಸರಿಸುತ್ತಿದ್ದವರೇ ಅದನ್ನು ತೆಗೆದು ಒಳಗಿಟ್ಟಿದ್ದರು. ಕಾರಣ ನಮಗೆಲ್ಲ ನೆನಪಿದೆ. ಯುಪಿಐ ಮೂಲಕ ಬಂದ ಹಣದ ಮಾಹಿತಿ ಪಡೆದ ವಾಣಿಜ್ಯ ತೆರಿಗೆ ಇಲಾಖೆ, ವಹಿವಾಟು ಮಿತಿ ದಾಟಿದೆ ಎನಿಸಿದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರು ಲಕ್ಷಗಟ್ಟಲೆ ಮೊತ್ತ ನೋಡಿ ಕಂಗಾಲಾದರು. ಪ್ರತಿಭಟನೆ ನಡೆಯಿತು, ಬಂದ್‌ಗೆ ಕರೆ ಬಂತು. ಜುಲೈ 23ರಂದು ಮುಖ್ಯಮಂತ್ರಿ ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಿಕೊಳ್ಳಲೇಬೇಕು ಎಂದ ಮೇಲೆ ಗಲಾಟೆ ತಣ್ಣಗಾಯಿತು.

ಗಲಾಟೆ ತಣ್ಣಗಾದರೂ ಒಂದು ಪ್ರಶ್ನೆ ಉಳಿದುಕೊಂಡಿದೆ. ನೋಟಿಸ್ ಬಂದಾಗ ಇಲಾಖೆಯ ಕೈಯಲ್ಲಿ ಒಂದು ಅಂಕಿ ಇತ್ತು. ಅಂಗಡಿಯವರ ಕೈಯಲ್ಲಿ ಏನಿತ್ತು? ಬಂದ ಹಣದಲ್ಲಿ ಹಾಲಿನದೆಷ್ಟು, ಸಿಗರೇಟಿನದೆಷ್ಟು, ಭಾವಮೈದುನ ವಾಪಸು ಕೊಟ್ಟ ಕೈಸಾಲವೆಷ್ಟು ಎಂದು ಕೇಳಿದರೆ ಬಹಳಷ್ಟು ಮಂದಿಗೆ ನೆನಪೊಂದೇ ಆಧಾರ. ಹಣ ಬಂತೆಂದು ಕೂಗುವ ಸೌಂಡ್‌ಬಾಕ್ಸ್ ಹಳ್ಳಿಯ ಗೂಡಂಗಡಿಗೂ ತಲುಪಿದೆ. ಯಾವ ವಸ್ತು ಮಾರಿ ಆ ಹಣ ಬಂತು ಎಂದು ಬರೆದಿಡುವ ವ್ಯವಸ್ಥೆ ತಲುಪಿಲ್ಲ. ಈ ಅರ್ಧ ಡಿಜಿಟಲ್ ಸ್ಥಿತಿಯೇ ಸಣ್ಣ ವ್ಯಾಪಾರಿಗೆ ಅತಿ ಅಪಾಯಕಾರಿ. ಅದನ್ನು ಪೂರ್ತಿ ಮಾಡುವ ಕೆಲಸ ಕಾಲೇಜಿನಲ್ಲಿ ಓದುತ್ತಿರುವ, ಕೆಲಸ ಹುಡುಕುತ್ತಿರುವ ನಮ್ಮದು ಎಂಬುದು ನನ್ನ ವಾದ.

ಕಂಡಕ್ಟರ್ ಕೈಯ ಯಂತ್ರ ನೋಡಿ

ಪಿಒಎಸ್ ಅಂದರೆ ಪಾಯಿಂಟ್ ಆಫ್ ಸೇಲ್. ಮಾರಾಟ ನಡೆಯುವ ಜಾಗದಲ್ಲೇ, ನಡೆದ ಗಳಿಗೆಯಲ್ಲೇ ಅದನ್ನು ದಾಖಲಿಸುವ ವ್ಯವಸ್ಥೆ. ನಮ್ಮಲ್ಲಿ ಕಾರ್ಡ್ ಉಜ್ಜುವ ಸ್ವೈಪಿಂಗ್ ಮಷಿನ್ನನ್ನೇ ಪಿಒಎಸ್ ಎನ್ನುವುದುಂಟು. ಅದು ಹಣ ಪಡೆಯುವ ಭಾಗ ಮಾತ್ರ. ಪೂರ್ಣ ವ್ಯವಸ್ಥೆಯಲ್ಲಿ ಬಿಲ್, ದಾಸ್ತಾನು, ತೆರಿಗೆ, ಉದ್ರಿ ಎಲ್ಲವೂ ಒಂದೇ ಕಡೆ ಸೇರುತ್ತವೆ.

ಇದರ ಒಳ್ಳೆಯ ಉದಾಹರಣೆಯನ್ನು ನಾವು ದಿನಾ ಬಸ್ಸಿನಲ್ಲಿ ನೋಡುತ್ತೇವೆ. ಕಂಡಕ್ಟರ್ ಕೈಯ ಟಿಕೆಟ್ ಯಂತ್ರ ಹಣ ಎಷ್ಟೆಂದಷ್ಟೇ ಬರೆಯುವುದಿಲ್ಲ. ಯಾವ ನಿಲ್ದಾಣದಿಂದ ಎಲ್ಲಿಗೆ, ಎಷ್ಟು ಜನ ಎಂಬುದನ್ನೂ ದಾಖಲಿಸುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು, ಆದರೆ ಟಿಕೆಟ್ ನಿಲ್ಲಲಿಲ್ಲ. ಶೂನ್ಯ ದರದ ಟಿಕೆಟ್ ಕೊಡುತ್ತಲೇ ಇದ್ದಾರೆ. ಏಕೆಂದರೆ ಆ ಲೆಕ್ಕ ಇಟ್ಟುಕೊಂಡೇ ಸಾರಿಗೆ ನಿಗಮಗಳು ಸರ್ಕಾರದಿಂದ ತಮ್ಮ ಹಣ ಕೇಳಬೇಕು. ದರ ಸೊನ್ನೆಯಾದರೂ ದಾಖಲೆ ಸೊನ್ನೆಯಾಗಬಾರದು. ತೆರಿಗೆ ಇಲ್ಲದ ಹಾಲು, ತರಕಾರಿ ಮಾರುವ ಅಂಗಡಿಗೂ ಇದೇ ಮಾತು ಅನ್ವಯಿಸುತ್ತದೆ.

ಹನ್ನೆರಡು ಸಾವಿರದ ಲೆಕ್ಕ

ಒಂದು ಪ್ರಾವಿಷನ್ ಸ್ಟೋರ್ ಊಹಿಸಿಕೊಳ್ಳಿ. ದಿನಕ್ಕೆ 12,000 ರೂಪಾಯಿ ವ್ಯಾಪಾರ. ವರ್ಷಕ್ಕೆ 43.8 ಲಕ್ಷ. ಕೇಳಲು ದೊಡ್ಡ ಮೊತ್ತ. ಸರಾಸರಿ ನೂರಕ್ಕೆ ಎಂಟು ರೂಪಾಯಿ ಉಳಿಯುತ್ತದೆ ಎಂದುಕೊಂಡರೆ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ, ತಿಂಗಳಿಗೆ 29,000. ಅದರಲ್ಲೇ ಬಾಡಿಗೆ, ಕರೆಂಟ್ ಬಿಲ್, ಹುಡುಗನ ಸಂಬಳ. ಬ್ಯಾಂಕ್ ಖಾತೆ ನೋಡಿದವರಿಗೆ ಕಾಣುವುದು 43.8 ಲಕ್ಷ; ಮನೆಯವರಿಗೆ ಕಾಣುವುದು ತಿಂಗಳ ಕೊನೆಯ ಖಾಲಿ ಗಲ್ಲಾ.

ಈಗ ನಿಯಮಕ್ಕೆ ಬರೋಣ. ಜಿಎಸ್‌ಟಿ ನೋಂದಣಿಯ ಮಿತಿ ನಮ್ಮ ರಾಜ್ಯದಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ನೀಡುವವರಿಗೆ 20 ಲಕ್ಷ. ಹೋಟೆಲ್ ಊಟ-ತಿಂಡಿ ಸೇವೆಯ ಲೆಕ್ಕಕ್ಕೆ ಬರುತ್ತದೆ. ತಾಜಾ ಹಾಲು, ತರಕಾರಿ, ಹಣ್ಣಿಗೆ ತೆರಿಗೆ ಇಲ್ಲ. ಅಂಥವನ್ನಷ್ಟೇ ಮಾರುವವರಿಗೆ ನೋಂದಣಿಯೂ ಬೇಕಿಲ್ಲ. ಆದರೆ ಜೊತೆಗೆ ಸೋಪು, ಬಿಸ್ಕತ್ತು ಇಟ್ಟರೆ, ಮಿತಿ ದಾಟಿತೇ ಎಂದು ನೋಡುವಾಗ ಹಾಲು-ತರಕಾರಿಯ ಮಾರಾಟವೂ ಸೇರುತ್ತದೆ. ತೆರಿಗೆ ಮಾತ್ರ ಸೋಪು-ಬಿಸ್ಕತ್ತಿನ ಮೇಲೆ.

ಒಂದೂವರೆ ಕೋಟಿಯೊಳಗಿನ ವ್ಯಾಪಾರಿಗಳಿಗೆ ರಾಜಿ ತೆರಿಗೆ ಪದ್ಧತಿ ಇದೆ. ಅದನ್ನು ಆರಿಸಿಕೊಂಡ ಚಿಲ್ಲರೆ ಅಂಗಡಿಯವರು ತೆರಿಗೆ ಬೀಳುವ ಮಾರಾಟದ ಶೇ 1ರಷ್ಟು ಕಟ್ಟಿದರೆ ಸಾಕು. ಗ್ರಾಹಕರಿಂದ ಪ್ರತ್ಯೇಕವಾಗಿ ತೆರಿಗೆ ವಸೂಲಿ ಮಾಡುವಂತಿಲ್ಲ. ನಮ್ಮ ಅಂಗಡಿಯ ವ್ಯಾಪಾರದಲ್ಲಿ ಅರ್ಧ ಹಾಲು-ತರಕಾರಿ ಎಂದಾದರೆ ವರ್ಷದ ತೆರಿಗೆ 21,900 ರೂಪಾಯಿ. ಹಾಲು ಯಾವುದು, ಸೋಪು ಯಾವುದು ಎಂದು ಬೇರ್ಪಡಿಸಿ ತೋರಿಸಲಾಗದೆ ಇಡೀ ಮೊತ್ತಕ್ಕೆ ಕಟ್ಟಬೇಕಾಗಿ ಬಂದರೆ 43,800. ವಸ್ತುವಾರು ಬಿಲ್ ಇಲ್ಲದ ಒಂದೇ ಕಾರಣಕ್ಕೆ ಒಂದು ವರ್ಷಕ್ಕೆ 21,900 ರೂಪಾಯಿ ಹೋಗುತ್ತದೆ. ಕೆಲವು ಮನೆಗಳಲ್ಲಿ ಅದು ಮಗಳ ಕಾಲೇಜು ಫೀಸು.

'ಲೆಕ್ಕ ಇಟ್ಟರೆ ತೆರಿಗೆ ಹಿಂದೆಯೇ ಬರುತ್ತದೆ' ಎನ್ನುವ ಹಿರಿಯರಿದ್ದಾರೆ. ಅವರ ಭಯವನ್ನು ತಳ್ಳಿಹಾಕಲಾಗದು. ಆದರೆ ಯುಪಿಐ ಬಂದ ದಿನವೇ ಅರ್ಧ ಲೆಕ್ಕ ಬೇರೆಯವರ ಕೈ ಸೇರಿಯಾಗಿದೆ. ಬಂದ ಹಣ ಎಷ್ಟೆಂದು ಬ್ಯಾಂಕಿಗೆ ಗೊತ್ತು, ಪಾವತಿ ಆ್ಯಪ್‌ಗೆ ಗೊತ್ತು, ಕೇಳಿದರೆ ಇಲಾಖೆಗೂ ಗೊತ್ತಾಗುತ್ತದೆ. ಗೊತ್ತಾಗದೆ ಉಳಿದಿರುವುದು ವ್ಯಾಪಾರಿಯ ಪರವಾಗಿ ಮಾತಾಡಬಹುದಾದ ಇನ್ನರ್ಧ. ನಗದಿಗೆ ಮರಳಿದರೆ ಹಳೆಯ ದಾಖಲೆ ಅಳಿಯುವುದಿಲ್ಲ. ಜೇಬಿನಲ್ಲಿ ಫೋನ್ ಮಾತ್ರ ಇಟ್ಟುಕೊಂಡು ಬರುವ ನಮ್ಮಂಥ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತೇವೆ, ಅಷ್ಟೇ.

ಕಳ್ಳನ ಕಾವಲಿಗಲ್ಲ, ನೆನಪಿಗೆ

ಗಲ್ಲಾಯಂತ್ರ ಹುಟ್ಟಿದ್ದು ಅನುಮಾನದಿಂದ. 1879ರಲ್ಲಿ ಅಮೆರಿಕದ ಓಹಿಯೊ ರಾಜ್ಯದ ಡೇಟನ್ ಊರಿನ ಜೇಮ್ಸ್ ರಿಟ್ಟಿ ಎಂಬ ಮದ್ಯದಂಗಡಿ ಮಾಲೀಕ, ಕೆಲಸದವರು ಹಣ ಜೇಬಿಗಿಳಿಸುವುದನ್ನು ತಡೆಯಲು ಅದನ್ನು ತಯಾರಿಸಿದ. ನಮ್ಮ ಬೀದಿಯ ಅಂಗಡಿಯಲ್ಲಿ ಮಾಲೀಕ, ಕ್ಯಾಷಿಯರ್, ಸರಕು ತರುವವ ಎಲ್ಲ ಒಬ್ಬರೇ. ಇಲ್ಲಿ ಯಂತ್ರ ಬೇಕಿರುವುದು ನೆನಪಿಗಾಗಿ. ಯಾವ ಬ್ರ್ಯಾಂಡ್ ಬಿಸ್ಕತ್ತು ಮೂರು ತಿಂಗಳಿಂದ ಅಲುಗಾಡಿಲ್ಲ, ಯಾವ ಎಣ್ಣೆ ಶನಿವಾರಕ್ಕೆ ಮೊದಲೇ ಮುಗಿಯುತ್ತದೆ, ಉದ್ರಿ ಪುಸ್ತಕದಲ್ಲಿ ಯಾರ ಹೆಸರು ಉದ್ದವಾಗುತ್ತಿದೆ ಎಂಬುದು ಬೆರಳ ತುದಿಗೆ ಸಿಗುವುದೇ ಲಾಭ. ಸಾಲಕ್ಕೆ ಬ್ಯಾಂಕಿಗೆ ಹೋದಾಗಲೂ 'ವ್ಯಾಪಾರ ಚೆನ್ನಾಗಿದೆ ಸಾರ್' ಎಂಬ ಮಾತಿಗಿಂತ ಎರಡು ವರ್ಷದ ಮಾರಾಟದ ಪಟ್ಟಿಗೆ ತೂಕ ಹೆಚ್ಚು.

ಇದಕ್ಕೆ ದುಬಾರಿ ಕಂಪ್ಯೂಟರ್ ಬೇಕಿಲ್ಲ. ಗೂಡಂಗಡಿಗೆ ಮೊಬೈಲಿನ ಬಿಲ್ಲಿಂಗ್ ಆ್ಯಪ್ ಸಾಕು. ಸ್ವಲ್ಪ ದೊಡ್ಡ ಅಂಗಡಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಎರಡಿಂಚಿನ ಥರ್ಮಲ್ ಪ್ರಿಂಟರ್, ಇಲ್ಲವೇ ಪ್ರಿಂಟರ್ ಒಳಗೇ ಇರುವ ಕೈಯಂತ್ರ. ಬೆಳಗಿನ ಎಂಟು ಗಂಟೆಯ ದರ್ಶಿನಿಗೆ ಇಡ್ಲಿ-ವಡೆ-ಕಾಫಿ ಒಂದೊಂದು ಗುಂಡಿಯಾಗಿರುವ ಟಚ್ ಸ್ಕ್ರೀನ್. 200 ರೂಪಾಯಿಯೊಳಗಿನ ಮಾರಾಟಕ್ಕೆ ಗಿರಾಕಿ ಕೇಳದಿದ್ದರೆ ಪ್ರತ್ಯೇಕ ಬಿಲ್ ಕೊಡಬೇಕಿಲ್ಲ, ದಿನದ ಕೊನೆಗೆ ಒಟ್ಟು ಬಿಲ್ ಮಾಡಬಹುದು ಎಂದು ನಿಯಮವೇ ಹೇಳುತ್ತದೆ. ಆದ್ದರಿಂದ ಚಾಕೊಲೇಟಿಗೂ ಕಾಗದ ಮುದ್ರಿಸಬೇಕೆಂಬ ಹೆದರಿಕೆ ಬೇಡ. ಎಷ್ಟು ಮಾರಿತೆಂದು ಒತ್ತಿಟ್ಟರಾಯಿತು.

ಕೊಳ್ಳುವ ಮೊದಲು ಕೇಳಬೇಕಾದದ್ದು

ಹಾಗೆಂದು ಮನೆ ಬಾಗಿಲಿಗೆ ಬಂದ ಯಂತ್ರವನ್ನೆಲ್ಲ ಕೊಳ್ಳಬೇಕಿಲ್ಲ. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಗಳಿಂದ ಶುಲ್ಕ ಪಡೆಯುವಂತಿಲ್ಲ. ಹಾಗಾಗಿ ಕಂಪನಿಗಳು ಯಂತ್ರದ ಬಾಡಿಗೆ, ಆ್ಯಪ್ ಚಂದಾ, ಸಾಲ ಕೊಡಿಸುವುದು ಮುಂತಾದ ಕಡೆ ಆದಾಯ ಹುಡುಕುತ್ತವೆ. 'ಫ್ರೀ' ಎಂದವರನ್ನು ಆರು ತಿಂಗಳ ನಂತರ ಎಷ್ಟು ಎಂದು ಕೇಳಿ.

ನೆಟ್ ಹೋದಾಗ ಬಿಲ್ ಆಗುತ್ತದೆಯೇ, ನೆಟ್ ಬಂದ ಮೇಲೆ ತಾನಾಗಿ ಸೇರಿಕೊಳ್ಳುತ್ತದೆಯೇ ನೋಡಿ. ಕನ್ನಡದಲ್ಲಿ ವಸ್ತುವಿನ ಹೆಸರು ಮುದ್ರಣವಾಗುತ್ತದೆಯೇ ಎಂದು ಎದುರಿಗೇ ಮುದ್ರಿಸಿ ತೋರಿಸಲು ಹೇಳಿ. ಅನೇಕ ಅಗ್ಗದ ಪ್ರಿಂಟರ್‌ಗಳಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಆ್ಯಪ್ ಅದನ್ನು ಚಿತ್ರವಾಗಿ ಕಳಿಸಬೇಕು. ಥರ್ಮಲ್ ಕಾಗದದ ಅಕ್ಷರ ದಿನ ಕಳೆದಂತೆ ಮಾಸುತ್ತದೆ, ಆದ್ದರಿಂದ ಬಿಲ್ ಫೋನಿನಲ್ಲೋ ಕ್ಲೌಡ್‌ನಲ್ಲೋ ಉಳಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಾಳೆ ಆ್ಯಪ್ ಬಿಟ್ಟರೆ ನಮ್ಮ ಲೆಕ್ಕವನ್ನು ಎಕ್ಸೆಲ್ ರೂಪದಲ್ಲಿ ಇಳಿಸಿಕೊಳ್ಳಬಹುದೇ? ಇಲ್ಲ ಎಂದರೆ ಆ ಅಂಗಡಿಯ ನೆನಪು ಇನ್ನೊಬ್ಬರ ಬೀರುವಿನಲ್ಲಿ ಬೀಗ ಹಾಕಿಟ್ಟಂತೆ.

ಗಿರಾಕಿಯ ಮಾತೂ ಇದೆ. ಬಿಲ್ ಮಾಡಲು ಮೊಬೈಲ್ ನಂಬರ್ ಕೊಡಲೇಬೇಕೆಂದು ಒತ್ತಾಯಿಸಬಾರದು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಸೂಚಿಸಿದೆ. ಅಂಗಡಿಯ ಲೆಕ್ಕಕ್ಕೆ ಏನು ಮಾರಿತು ಎಂಬುದು ಬೇಕು. ಯಾರು ಕೊಂಡರು ಎಂಬುದು ಉದ್ರಿಗೆ ಬಿಟ್ಟು ಬೇರೆ ಯಾವುದಕ್ಕೂ ಬೇಡ.

ಇದು ನಮ್ಮ ಕೆಲಸ

ಪಾವತಿ ಕಂಪನಿಗಳ ಪರವಾಗಿ ಬಿಸಿಲಲ್ಲಿ ಅಂಗಡಿ ಅಂಗಡಿ ಸುತ್ತಿ ಕ್ಯೂಆರ್ ಅಂಟಿಸಿದವರು, ಸೌಂಡ್‌ಬಾಕ್ಸ್ ಮಾರಿದವರು ನಮ್ಮ ವಯಸ್ಸಿನವರೇ. ಅವರಿಗೆ ಕೊಟ್ಟ ಟಾರ್ಗೆಟ್ ಇಷ್ಟು ಪೆಟ್ಟಿಗೆ ಮಾರಬೇಕು ಎಂಬುದಾಗಿತ್ತು. ಪೆಟ್ಟಿಗೆ ಕೊಂಡವರಿಗೆ ಲೆಕ್ಕ ಇಡಲು ಕಲಿಸುವ ಟಾರ್ಗೆಟ್ ಯಾರಿಗೂ ಇರಲಿಲ್ಲ. ಇನ್ನೊಂದೆಡೆ ಬಿ.ಕಾಂ. ತರಗತಿಗಳಲ್ಲಿ ಟ್ಯಾಲಿ ಕಲಿಯುತ್ತೇವೆ, ಜಿಎಸ್‌ಟಿ ಬಗ್ಗೆ ಹತ್ತು ಅಂಕದ ಉತ್ತರ ಬರೆಯುತ್ತೇವೆ. ಆದರೆ ಎದುರಿನ ಕಿರಾಣಿ ಅಂಗಡಿಯ ಮುನ್ನೂರು ವಸ್ತುಗಳ ಪಟ್ಟಿ ಮಾಡಿ, ಕೊಂಡ ಬೆಲೆ, ಮಾರುವ ಬೆಲೆ, ತೆರಿಗೆ ದರ ತುಂಬಿಸಿ ಎಂದರೆ ತಡಕಾಡುತ್ತೇವೆ.

ಈ ವಿದ್ಯೆಗೆ ಬೇಡಿಕೆ ಇದೆಯೇ ಎನ್ನುವವರು 2025ರ ಸೆಪ್ಟೆಂಬರ್ 22 ನೆನಪಿಸಿಕೊಳ್ಳಲಿ. ಅಂದು ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತಿನ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿಯಿತು. ತೆರಿಗೆ ಸೇರಿಸಿ ಬಿಲ್ ಮಾಡುವ ಅಂಗಡಿಗಳೆಲ್ಲ ತಮ್ಮ ಪಟ್ಟಿಯನ್ನು ಆ ದಿನದೊಳಗೆ ತಿದ್ದಬೇಕಿತ್ತು. ಪಟ್ಟಿ ಸರಿಯಾಗಿದ್ದವರಿಗೆ ಅರ್ಧ ದಿನದ ಕೆಲಸ. ಇಲ್ಲದವರಿಗೆ ವಾರದ ಗೊಂದಲ. ಇಂಥ ಕೆಲಸವನ್ನು ಹತ್ತು ಅಂಗಡಿಗೆ ಮಾಡಿಕೊಟ್ಟು ತಿಂಗಳಿಗಿಷ್ಟು ಎಂದು ಪಡೆಯುವುದು ಒಂದು ಉದ್ಯೋಗ. ಆ ಅನುಭವ ಹೊತ್ತು ಕಂಪನಿಯ ಸಂದರ್ಶನಕ್ಕೆ ಹೋದರೂ ಪ್ರಮಾಣಪತ್ರಕ್ಕಿಂತ ಹೆಚ್ಚು ಮಾತಾಡಲು ವಿಷಯ ಇರುತ್ತದೆ. ಕಾಲೇಜಿನ ವಾಣಿಜ್ಯ ವಿಭಾಗಗಳು ಒಂದು ಪ್ರಾಜೆಕ್ಟನ್ನಾದರೂ ಊರಿನ ಅಂಗಡಿಗೆ ಮೀಸಲಿಡಲಿ. ಇಲಾಖೆಯೂ ನೋಟಿಸ್ ಕಳಿಸುವ ಮೊದಲು ಇಂಥ ವಿದ್ಯಾರ್ಥಿಗಳನ್ನು ಜೊತೆಗಿಟ್ಟುಕೊಂಡು ಸಂತೆ-ಮಾರುಕಟ್ಟೆಗಳಲ್ಲಿ ಕಲಿಸುವ ಶಿಬಿರ ಮಾಡಲಿ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಪರಿಚಯದ ಒಂದು ಅಂಗಡಿ ಆರಿಸಿಕೊಳ್ಳಿ. ಅಪ್ಪನದೋ ಚಿಕ್ಕಪ್ಪನದೋ ಆದರೆ ಇನ್ನೂ ಒಳ್ಳೆಯದು. ಮುನ್ನೂರು ವಸ್ತು ಒಮ್ಮೆಲೇ ತುಂಬಲು ಹೋಗಬೇಡಿ, ಬೇಸತ್ತು ಬಿಟ್ಟುಬಿಡುತ್ತೀರಿ. ಹೆಚ್ಚು ಓಡುವ ಇಪ್ಪತ್ತು ವಸ್ತುಗಳಿಂದ ಶುರು ಮಾಡಿ, ಹಾಲು-ತರಕಾರಿಗೆ ಬೇರೆ ಗುಂಪು ಮಾಡಿ, ಮನೆಯ ಹಣ ಬರಲು ಬೇರೆ ಖಾತೆ ಇಡಿಸಿ. ಒಂದು ತಿಂಗಳು ಪ್ರತಿ ರಾತ್ರಿ ಬಾಗಿಲು ಹಾಕುವ ಮುಂಚೆ ಹತ್ತು ನಿಮಿಷ ಕೂತು ಗಲ್ಲಾದ ಹಣ, ಯುಪಿಐ ಹಣ, ಆ್ಯಪಿನ ಲೆಕ್ಕ ಮೂರನ್ನೂ ತಾಳೆ ನೋಡಿ. ಎರಡನೇ ತಿಂಗಳಿನಿಂದ ಅಂಗಡಿಯವರೇ ನಿಮ್ಮನ್ನು ಕರೆಯುತ್ತಾರೆ.