ಗಾಲ್ಫು, ಯೋಗ ಮತ್ತು ನನ್ನ ಅರ್ಧ ಗಂಟೆ

"ನಿಮ್ದು ಗಾಲ್ಫ್ ಫ್ಯಾಮಿಲಿ ಅಂತೆ?" ಅಂತ ಹೊಸಪೇಟೆಯಲ್ಲಿ ಯಾರಾದ್ರೂ ಕೇಳಿದ್ರೆ ನನಗೆ ಮೊದಲು ನಗು ಬರುತ್ತೆ, ಆಮೇಲೆ ಸ್ವಲ್ಪ ಸಂಕೋಚ. ಕೇಳಿದವರ ಕಣ್ಣಲ್ಲಿ ಹಸಿರು ಹುಲ್ಲು, ಬಿಳಿ ಟೋಪಿ, ಬ್ಯಾಟರಿ ಗಾಡಿ ಎಲ್ಲಾ ಓಡಾಡ್ತಿರೋದು ನನಗೆ ಕಾಣುತ್ತೆ. ನಮ್ಮನೆಯಲ್ಲಿ ಇರೋದು ಟೆರೇಸಿನ ಮೇಲೆ ಎರಡು ಪದರ ಮಡಚಿ ಕಟ್ಟಿದ ಹಳೇ ಮೀನಿನ ಬಲೆ. ಕಂಪ್ಲಿಯ ಹೊಳೆದಂಡೆಯಲ್ಲಿ ಹರಿಗೋಲು ಹಾಕೋರ ಹತ್ರ ನನ್ನ ತಮ್ಮ ಇಸ್ಕೊಂಡು ಬಂದಿದ್ದು. ಮಳೆ ಬಂದ್ರೆ ಇವತ್ತಿಗೂ ಮೀನಿನ ವಾಸನೆ ಬರುತ್ತೆ :-)

ಗಾಲ್ಫ್ ನಮ್ಮನೆಗೆ ಬಂದಿದ್ದು ಕೋಲಾರದ ಚಿನ್ನದ ಗಣಿಯಿಂದ. ಅಲ್ಲಿ ಬ್ರಿಟಿಷರ ಕಾಲದ ಗಾಲ್ಫ್ ಅಂಗಳ ಇತ್ತು. ನಮ್ಮ ಮಾವ ಹುಡುಗನಾಗಿದ್ದಾಗ ಸಾಹೇಬ್ರುಗಳ ಚೀಲ ಹೊರೋ ಕ್ಯಾಡಿ ಆಗಿದ್ದರಂತೆ. ಅಲ್ಲೇ ನೋಡಿ ನೋಡಿ ಕಲಿತು, ಒಡೆದ ಕ್ಲಬ್ಬಿಗೆ ತಂತಿ ಸುತ್ತಿ ಆಡಿದವರು. ಆಮೇಲೆ ಅದೇ ಗಣಿಯಲ್ಲಿ ಕೆಲಸ. 2001ರಲ್ಲಿ ಗಣಿ ಮುಚ್ಚಿತು. ಮಗ ಮೈನಿಂಗ್ ಓದಿ ಸಂಡೂರಿಗೆ ಕೆಲಸಕ್ಕೆ ಬಂದ್ರು, ಜೊತೆಗೆ ಒಂದು ಅರ್ಧ ಸೆಟ್ ಕ್ಲಬ್ಬೂ ಬಂತು. ಚಿನ್ನದ ಮಣ್ಣಿಂದ ಕಬ್ಬಿಣದ ಮಣ್ಣಿಗೆ. ಸಂಡೂರಿನ ಮೈದಾನದಲ್ಲಿ ಆಡಿದರೆ ಬಿಳಿ ಬಾಲು ಹತ್ತು ನಿಮಿಷಕ್ಕೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ. ಒಟ್ಟಿನಲ್ಲಿ ನಮ್ದು "ಗಾಲ್ಫ್ ಫ್ಯಾಮಿಲಿ" ಅನ್ನೋದಕ್ಕಿಂತ ಕ್ಯಾಡಿ ಫ್ಯಾಮಿಲಿ ಅನ್ನೋದೇ ಸರಿ. ಇದು ಶ್ರೀಮಂತರ ಆಟ ಹೌದು, ಇಲ್ಲ ಅನ್ನಲ್ಲ. ಆದ್ರೆ ಆ ಅಂಗಳಗಳಲ್ಲಿ ಚೀಲ ಹೊತ್ತವರು ನಮ್ಮಂಥವರೇ ಅಲ್ವಾ. ಬಿಡದಿ ಹತ್ರ ಈಗಲ್‌ಟನ್ ಅಂಗಳದ ಪಕ್ಕದ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪ ದೊಡ್ಡ ವೃತ್ತಿಪರ ಆಟಗಾರ ಆದದ್ದು ಓದಿದಾಗ ಮಾವ ಆ ಪೇಪರ್ ಕಟಿಂಗನ್ನ ದೇವರ ಮನೆ ಬಾಗಿಲಿಗೆ ಅಂಟಿಸಿದ್ರು. ದೇವರ ಮನೆ ಬಾಗಿಲಿಗೇ ಯಾಕೆ ಅಂತ ನಾನು ಕೇಳಲಿಲ್ಲ.

ಯೋಗ ಬಂದಿದ್ದು ನನ್ನ ಕಡೆಯಿಂದ. ಕಂಪ್ಲಿಯಲ್ಲಿ ನಮಗೆ ಇದ್ದ ಪಿಟಿ ಮೇಷ್ಟ್ರು ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮಿಗಳ ಆಶ್ರಮದಲ್ಲಿ ಕಲಿತು ಬಂದವರು. ಚಳಿಗಾಲದಲ್ಲೂ ಬೆಳಿಗ್ಗೆ ಆರಕ್ಕೆ ಸೂರ್ಯನಮಸ್ಕಾರ ಮಾಡಿಸ್ತಿದ್ರು. ಆಗ ಬೈಕೊಂಡೇ ಮಾಡಿದ್ದು. ಎರಡು ಹೆರಿಗೆ ಆಗಿ, ದಿನಕ್ಕೆ ಆರು ಪೀರಿಯಡ್ ನಿಂತು ಗಣಿತ ಹೇಳಿ ಸೊಂಟ ಹಿಡ್ಕೊಂಡಾಗ ಮತ್ತೆ ನೆನಪಾಯ್ತು. ಹತ್ತು ವರ್ಷದಿಂದ ಬೆಳಿಗ್ಗೆ ಐದೂ ಹತ್ತರಿಂದ ಐದೂ ನಲವತ್ತರವರೆಗೆ ಒಳಕೋಣೆಯ ಬಾಗಿಲು ಹಾಕ್ಕೊಂಡು ನನ್ನ ಆಸನ ಮಾಡ್ತೀನಿ. ಆಮೇಲೆ ಗ್ಯಾಸ್ ಹಚ್ಚಿದ್ರೆ ರಾತ್ರಿವರೆಗೂ ಆ ದಿನ ನಂದಲ್ಲ.

ಈಗ ವಿಷಯಕ್ಕೆ ಬರ್ತೀನಿ. ಗಾಲ್ಫ್ ಮತ್ತು ಯೋಗ ಎರಡನ್ನೂ ಸೇರಿಸಿ ಅಂತ ಎಲ್ಲಾ ಕಡೆ ಹೇಳ್ತಿದಾರೆ. ಬಿಡುವಿಲ್ಲದ ಅಪ್ಪ ಅಮ್ಮಂದಿರಿಗೆ ಇದು ಒಂದೇ ಕಲ್ಲಿಗೆ ಎರಡು ಹಕ್ಕಿ ಅಂತೆ. ನಾನೂ ನಂಬಿದ್ದೆ. ಸೇರಿಸಿದ್ದೆ ಕೂಡ. ಅದರಿಂದ ಏನಾಯ್ತು ಅಂತ ಹೇಳ್ತೀನಿ ಕೇಳಿ.

ಮಗಳಿಗೆ ಈಗ ಹದಿಮೂರು. 2021ರ ಆಗಸ್ಟ್ 7, ಶನಿವಾರ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಕೊನೇ ಸುತ್ತು ಆಡ್ತಿದ್ರಲ್ಲ, ಗಾಲ್ಫ್ ಅಂದ್ರೆ ಏನು ಅಂತ ಗೊತ್ತಿಲ್ಲದ ನಮ್ಮ ಓಣಿಯವರೂ ಅವತ್ತು ಬೆಳಿಗ್ಗೆ ಎದ್ದು ನೋಡಿದ್ರು. ಮೂರು ಸುತ್ತು ಮುಗಿದಾಗ ಎರಡನೇ ಸ್ಥಾನ. ಕೊನೆಗೆ ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ. ಮಾವ ಕಣ್ಣೊರೆಸಿಕೊಂಡ್ರು. ಮಗಳು ಅವತ್ತೇ "ತಾತ, ನನಗೂ ಕಲಿಸು" ಅಂದಳು. ನಮ್ಮವರು ಹುಲ್ಲು, ಪಟ್ಟಿಂಗ್ ಅಂತ ಏನೇನೋ ವಿವರಿಸ್ತಿದ್ರು. ನಾನು ಮಾತ್ರ ನೋಡ್ತಾ ಇದ್ದದ್ದು ಅದಿತಿಯ ಅಮ್ಮ ಮಾಹೇಶ್ವರಿಯವರನ್ನ. 2016ರ ರಿಯೋದಲ್ಲಿ ಚೀಲ ಹೊತ್ತದ್ದು ಅಪ್ಪ, ಟೋಕಿಯೋದಲ್ಲಿ ಅಮ್ಮ. ಹದಿನಾಲ್ಕು ಕ್ಲಬ್ಬು ತುಂಬಿದ ಚೀಲ, ಆ ಸೆಕೆ, ಒಂದೊಂದು ಸುತ್ತಿಗೂ ಏಳೆಂಟು ಕಿಲೋಮೀಟರ್ ನಡಿಗೆ, ಅದೂ ನಾಲ್ಕು ದಿನ. ಪೇಪರಿನವರು ಮಾರನೇ ದಿನ "ತಾಯಿಯ ತ್ಯಾಗ" ಅಂತ ಬರೆದ್ರೆ ಬರೀಲಿ, ನನಗೆ ಅವತ್ತು ಬಂದ ಪ್ರಶ್ನೆ ಒಂದೇ. ಇವರ ಸೊಂಟ ಹೇಗಿದೆ? ಬೆಳಿಗ್ಗೆ ಇವರಿಗೆ ಅಂತ ಅರ್ಧ ಗಂಟೆ ಇತ್ತಾ?

ಇರಲಿ. ಮಗಳು ಚೆನ್ನಾಗಿ ಆಡ್ತಾಳೆ. ತಾತನ ಕೈಯಿಂದ ಕಲಿತ ಸ್ವಿಂಗು, ನೋಡೋಕೆ ಚಂದ. ಭತ್ತದ ಕೊಯ್ಲು ಮುಗಿದ ಮೇಲೆ ಕಂಪ್ಲಿಯ ನಮ್ಮ ಅಪ್ಪನ ಗದ್ದೆಯಲ್ಲಿ ಕೂಳೆ ಮಧ್ಯೆ ನಿಂತು ಹೊಡೆಯೋಳು. ಅರ್ಧ ಬಾಲು ಸಿಗ್ತಿರಲಿಲ್ಲ. ನಮ್ಮವ್ವ ಬದುವಿನ ಮೇಲೆ ಕೂತು, "ಏನವ್ವಾ ಇದು, ಹೊಡಿಯೂದ್ಯಾಕ, ಮತ್ತ ಹುಡುಕೂದ್ಯಾಕ?" ಅನ್ನೋಳು. ಗಾಲ್ಫ್ ಬಗ್ಗೆ ಇದಕ್ಕಿಂತ ಒಳ್ಳೇ ವಿಮರ್ಶೆ ನಾನು ಓದಿಲ್ಲ.

ನಿಜವಾದ ಹುಲ್ಲಿನ ಅಂಗಳ ಬೇಕು ಅಂದ್ರೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಬೇಕು. ರೈಲಲ್ಲಿ ಆ ಉದ್ದ ಚೀಲ ನೋಡಿ "ವೀಣೆನಾ ಮೇಡಂ?" ಅಂತ ಕೇಳ್ತಾರೆ. ಹೋದ ಬೇಸಿಗೆಯಲ್ಲಿ ಹೀಗೇ ಒಂದು ಶಿಬಿರಕ್ಕೆ ಕಳಿಸಿದ್ವಿ. ಅಲ್ಲಿ ದಿನಕ್ಕೆ ಇನ್ನೂರು ಬಾಲು ಹೊಡೀಬೇಕು ಅಂತ ನಿಯಮ. ಯಾವ ಶಿಬಿರ ಅಂತ ಕೇಳಬೇಡಿ, ಅದು ಮುಖ್ಯ ಅಲ್ಲ. ಮನೆಗೆ ಬಂದ ಮೇಲೂ ಅಪ್ಪ ಮಗಳು ಸೇರಿ ಆ ಇನ್ನೂರನ್ನ ಬಿಡಲಿಲ್ಲ. "ಮೈ ಬಿಗಿ ಆಗಿದೆ ಅಂತಿದಾಳೆ, ನಿನ್ನ ಯೋಗ ಸ್ವಲ್ಪ ಕಲಿಸು, ಸ್ವಿಂಗ್ ಇನ್ನೂ ತಿರುಗುತ್ತೆ" ಅಂದ್ರು ನಮ್ಮವರು. ನನಗೋ ಖುಷಿ! ಮೊದಲ ಸಲ ನನ್ನ ವಿದ್ಯೆ ಮನೆಯಲ್ಲಿ ಲೆಕ್ಕಕ್ಕೆ ಬಂದಿತ್ತಲ್ಲ. ನನ್ನ ಐದೂ ಹತ್ತರ ಅರ್ಧ ಗಂಟೆ ಮಗಳ ಗಾಲ್ಫ್ ತಯಾರಿ ಆಯ್ತು. ಮೊಬೈಲಲ್ಲಿ "ಗಾಲ್ಫ್ ಆಡೋರಿಗೆ ಯೋಗ" ಅಂತ ವಿಡಿಯೋ ನೋಡಿ ಪರಿವೃತ್ತ ತ್ರಿಕೋಣಾಸನ, ಅರ್ಧ ಮತ್ಸ್ಯೇಂದ್ರಾಸನ, ಎಲ್ಲಾ ತಿರುಚೋ ಆಸನಗಳನ್ನೇ ಮಾಡಿಸಿದೆ. ತಿರುಗೋ ಆಟಕ್ಕೆ ತಿರುಗೋ ಆಸನ, ಲೆಕ್ಕ ಸರಿ ಇದೆ ಅಲ್ವಾ? ಗಣಿತದ ಟೀಚರು ಬೇರೆ!

ಮೂರು ವಾರಕ್ಕೆ ಮಗಳು ಬಗ್ಗಿ ಶೂ ಲೇಸ್ ಕಟ್ಟೋಕಾಗದೆ ಅತ್ತಳು.

ಮೂಳೆ ಡಾಕ್ಟ್ರು ಹೇಳಿದ್ದನ್ನ ನನಗೆ ತಿಳಿದಷ್ಟು ಹೇಳ್ತೀನಿ. ಬಲಗೈ ಆಟಗಾರರು ಹೊಡೆಯೋವಾಗ ಮೈ ಯಾವಾಗಲೂ ಒಂದೇ ಕಡೆ ರಭಸವಾಗಿ ತಿರುಗುತ್ತೆ. ಇನ್ನೂರು ಬಾಲು ಅಂದ್ರೆ ಇನ್ನೂರು ಸಲ ಅದೇ ಕಡೆ. ಸೊಂಟದ ಮೂಳೆಗಳು ಹೆಚ್ಚು ತಿರುಗೋಕೆ ಆಗಿರೋವೇ ಅಲ್ಲ. ತಿರುಗಬೇಕಾದ್ದು ಎದೆಯ ಹಿಂಭಾಗ ಮತ್ತು ತೊಡೆಯ ಕೀಲು. ಅವು ಬಿಗಿಯಾಗಿದ್ರೆ ಭಾರ ಎಲ್ಲಾ ಸೊಂಟಕ್ಕೆ. ಬೆಳೆಯೋ ವಯಸ್ಸಿನ ಮಕ್ಕಳಿಗೆ ಹೀಗೆ ಮಾಡಿಸಿದ್ರೆ ಬೆನ್ನಿನ ಮೂಳೆಯಲ್ಲಿ ಸಣ್ಣ ಬಿರುಕು ಬರೋದೂ ಉಂಟಂತೆ, ಕ್ರಿಕೆಟ್ಟಿನ ವೇಗದ ಬೌಲರ್‌ಗಳಿಗೆ ಬರುತ್ತಲ್ಲ ಹಾಗೆ. ದೇವರ ದಯೆ, ಇವಳಿಗೆ ಬಿರುಕು ಇರಲಿಲ್ಲ, ಸ್ನಾಯು ನೋವು ಮಾತ್ರ. ಆರು ವಾರ ಕ್ಲಬ್ಬು ಮುಟ್ಟೋ ಹಾಗಿಲ್ಲ ಅಂದ್ರು. ಆಮೇಲೆ ನನ್ನ ಕಡೆ ತಿರುಗಿ, "ನೊಂದಿರೋ ಸೊಂಟವನ್ನ ಮತ್ತೆ ತಿರುಚಿಸಿದ್ದು ಯಾರು?" ಅಂದ್ರು. ನಾನು ನೆಲ ನೋಡಿದೆ.

ಅಷ್ಟರಲ್ಲಿ ಜೂನಿಯರ್ ಆಯ್ಕೆ ಪಂದ್ಯ ಐದು ವಾರ ದೂರ ಇತ್ತು. ಮನೆಯಲ್ಲಿ ಆದ ಜಗಳ ಇಲ್ಲಿ ಪೂರ್ತಿ ಬರೆಯಲ್ಲ. ನಮ್ಮವರು "ದಿನಾ ಸ್ವಲ್ಪ ಯೋಗ ಮಾಡಿಸಿದ್ರೆ ಸರಿಹೋಗುತ್ತೆ, ವರ್ಷ ಹಾಳಾಗುತ್ತೆ" ಅಂದ್ರು. ನಾನು ಕಳಿಸಲ್ಲ ಅಂದೆ. ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಕೊನೆಗೆ ಮಾವ, "ಕ್ಯಾಡಿ ಆಗಿದ್ದಾಗ ನನ್ನ ಭುಜ ನೋವು ಅಂದ್ರೆ ಯಾರೂ ಕೇಳ್ತಿರಲಿಲ್ಲಮ್ಮ. ಕೇಳೋರು ಇರೋವಾಗ ಕೇಳಲಿ ಬಿಡು" ಅಂದ್ರು. ಪಂದ್ಯಕ್ಕೆ ಹೋಗಲಿಲ್ಲ.

ನನ್ನ ತಕರಾರು ಇಷ್ಟೇ. ಇನ್ನೂರರ ಜೊತೆಗೆ ಇನ್ನೂ ಐವತ್ತು ಬಾಲು ಹೊಡೆಸೋಕೆ ಅಂತ ಯೋಗ ಹಚ್ಚೋದು ತಪ್ಪು. ಅದು ತುಕ್ಕು ಹಿಡಿದ ಕೀಲಿಗೆ ಹಾಕೋ ಎಣ್ಣೆ ಅಲ್ಲ. ಆಟದ ತಯಾರಿ ಅಂತ ಅದನ್ನ ತಂದು ಜೋಡಿಸಿದ ಕೂಡಲೇ ಅದರಲ್ಲೂ ಎಣಿಕೆ ಶುರುವಾಗುತ್ತೆ. ಇನ್ನೂ ಎಷ್ಟು ಬಗ್ತೀಯ, ಇನ್ನೂ ಎಷ್ಟು ತಿರುಗ್ತೀಯ? ಅನಿರ್ಬನ್ ಲಾಹಿರಿ ವಿಪಶ್ಯನ ಧ್ಯಾನ ಮಾಡ್ತಾರೆ ಅಂತ ಓದಿ ನಮ್ಮವರು "ನೋಡು, ಅದಕ್ಕೇ ಗೆಲ್ತಾರೆ" ಅಂದ್ರು. ಸುಮ್ಮನೆ ಕೂರೋದನ್ನೂ ಗೆಲ್ಲೋ ಲೆಕ್ಕಕ್ಕೆ ಹಾಕಿದ್ರೆ ಇನ್ನು ಸುಮ್ಮನೆ ಕೂರೋದು ಯಾವಾಗ ಸ್ವಾಮಿ?

ಆ ಆರು ವಾರದಲ್ಲಿ ಒಂದು ಭಾನುವಾರ ಮಗಳನ್ನ ಹಂಪಿಗೆ ಕರ್ಕೊಂಡು ಹೋಗಿದ್ದೆ. ಇಲ್ಲೇ ಹದಿಮೂರು ಕಿಲೋಮೀಟರ್, ಆದರೂ ನೆಂಟರು ಬಂದಾಗ ಮಾತ್ರ ಹೋಗೋದು ನಮ್ಮ ಅಭ್ಯಾಸ. ಯಂತ್ರೋದ್ಧಾರಕ ಹನುಮಂತನ ಮುಂದೆ ಕೂತ್ವಿ. ಹನುಮಪ್ಪ ಅಂದ್ರೆ ಹಾರೋದು, ಬೆಟ್ಟ ಹೊರೋದು ತಾನೇ ನಾವು ನೋಡಿರೋದು? ಇಲ್ಲಿ ಯಂತ್ರದ ಮಧ್ಯೆ ಪದ್ಮಾಸನ ಹಾಕಿ ಸುಮ್ಮನೆ ಕೂತಿದಾನೆ. ಆಮೇಲೆ ಕೃಷ್ಣದೇವರಾಯ 1528ರಲ್ಲಿ ಮಾಡಿಸಿದ ನರಸಿಂಹನ ಹತ್ರ ಹೋದ್ವಿ. ಸುಮಾರು 6.7 ಮೀಟರ್ ಎತ್ತರದ ಮೂರ್ತಿ, ಮಂಡಿಗೆ ಅಡ್ಡಲಾಗಿ ಯೋಗಪಟ್ಟ. ಮಗಳು "ಅಮ್ಮ, ಇವನಿಗೂ ಬೆಲ್ಟ್ ಹಾಕಿದಾರೆ!" ಅಂದಳು. ಡಾಕ್ಟ್ರು ಕೊಟ್ಟ ಸೊಂಟದ ಬೆಲ್ಟ್ ಹಾಕ್ಕೊಳ್ಳೋಕೆ ಅವಳಿಗೆ ನಾಚಿಕೆ ಆಗ್ತಿತ್ತು. ಹೆಚ್ಚು ಹೊತ್ತು ಕೂರೋರಿಗೆ ಮೈಗೆ ಆಸರೆ ಬೇಕು ಅಂತ ಆ ಪಟ್ಟ ಅಂತ ಹೇಳಿದೆ. ನಮ್ಮ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ರು ಪಟ್ಟಿ, ಇಟ್ಟಿಗೆ, ಹಗ್ಗ ಎಲ್ಲಾ ಬಳಸಿ ಕಲಿಸಿದ್ದೂ ಅದಕ್ಕೇ. ಅವತ್ತಿಂದ ಬೆಲ್ಟು ತಕರಾರಿಲ್ಲದೆ ಹಾಕ್ಕೊಂಡಳು.

ಅಂದಮಾತ್ರಕ್ಕೆ ಗಾಲ್ಫ್ ಬೇಡ ಅನ್ನೋಳಲ್ಲ ನಾನು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ನಮ್ಮವರಿಗೆ ವರ್ಷದ ಮೇಲೆ ಕೆಲಸ ಇರಲಿಲ್ಲ. ಇದೇ ಮಗಳು ಆಮೇಲೆ ಹೊಟ್ಟೆಯಲ್ಲಿ. ಬೈಕ್ ಮಾರಿದ್ವಿ, ನನ್ನ ಬಳೆ ಅಡ ಇಟ್ವಿ. ಆ ಅರ್ಧ ಸೆಟ್ ಮಾತ್ರ ಮಾರಲಿಲ್ಲ. ಸಂಜೆ ಟೆರೇಸಿನ ಮೇಲೆ ಬಲೆಗೆ ಠಪ್ ಠಪ್ ಅಂತ ಬಾಲು ಬೀಳೋ ಶಬ್ದ ಕೇಳ್ತಿತ್ತು. ಅಲ್ಲಿವರೆಗೂ ಈ ಮನುಷ್ಯ ಗಟ್ಟಿಯಾಗಿದಾರೆ ಅಂತ ನನಗೆ ಸಮಾಧಾನ. ಅವರಿಗೆ ಅದೇ ಶವಾಸನ ಆಗಿತ್ತೇನೋ. ಅವತ್ತು ನಾನು ಮೇಲೆ ಹೋಗಿ "ಸ್ವಿಂಗ್ ಸರಿ ಇದೆಯಾ" ಅಂತ ಕೇಳಿರಲಿಲ್ಲ. ಹಾಗೇ ನನ್ನ ಬಾಗಿಲನ್ನೂ ಯಾರೂ ತಟ್ಟಬಾರದು ಅಂತ ಈಗ ಮನೆಯಲ್ಲಿ ಹೇಳಿದೀನಿ.

ಐದೂ ಹತ್ತರ ಅರ್ಧ ಗಂಟೆ ಮತ್ತೆ ನನ್ನದಾಗಿದೆ. ಮಗಳಿಗೆ ಬೇಕಾದ್ದು ಅದರ ಆಚೆ. ಡಾಕ್ಟ್ರು ಒಪ್ಪಿದ ಮೇಲೆ, ಬಾಲು ಮುಟ್ಟೋ ಮೊದಲು ಟೆರೇಸಿನಲ್ಲಿ ಐದು ನಿಮಿಷ ನಡಿಗೆ, ಮಾರ್ಜಾಲಾಸನ, ತೊಡೆ ಕೀಲು ಸಡಿಲ ಮಾಡೋಕೆ ಒಂದೆರಡು, ವೃಕ್ಷಾಸನ. ಆಮೇಲೆ ಬಾಲಿಲ್ಲದೆ ಎಡಗೈ ಆಟಗಾರರ ಹಾಗೆ ಉಲ್ಟಾ ಹತ್ತು ಸಲ ಬೀಸೋದು. ಇದು ಮಾವನ ಉಪಾಯ, ಯಾವ ವಿಡಿಯೋದಲ್ಲೂ ನೋಡಿದ್ದಲ್ಲ. ಮುಗಿದ ಮೇಲೆ ಗೋಡೆಗೆ ಕಾಲೆತ್ತಿ ಮಲಗೋದು. ಎರಡನೇ ಕ್ಲಾಸಿನ ಮಗನೂ ಬಂದು ಪಕ್ಕದಲ್ಲಿ ಕಾಲೆತ್ತುತ್ತಾನೆ, ಎರಡು ನಿಮಿಷದಲ್ಲಿ ಜಗಳ ಶುರುವಾಗುತ್ತೆ, ಯೋಗ ಅಲ್ಲಿಗೆ ಮುಗೀತು.

ಬಾಲು ದಿನಕ್ಕೆ ನಲವತ್ತು ಮಾತ್ರ. ಲೆಕ್ಕ ಇಡೋರು ಮಾವ. ಸ್ಟೀಲ್ ಡಬ್ಬಿಯಲ್ಲಿ ನಲವತ್ತು ಹುಣಸೆ ಬೀಜ ಇಟ್ಕೊಂಡು ಮೆಟ್ಟಿಲ ಮೇಲೆ ಕೂರ್ತಾರೆ, ಒಂದು ಬಾಲಿಗೆ ಒಂದು ಬೀಜ ಪಕ್ಕಕ್ಕೆ. ನಿನ್ನೆ ಡಬ್ಬಿ ಎಣಿಸಿದಾಗ ನಲವತ್ತಾರು ಇದ್ದವು. ಮೂರು ಜನರನ್ನೂ ಕೇಳಿದೆ. ಯಾರೂ ಒಪ್ಪಿಕೊಂಡಿಲ್ಲ :-)