ಕಾಣದ ಭಾಗದ ಹೊಣೆ ಯಾರದು?

ವೈಶಾಖದ ಮಧ್ಯಾಹ್ನ ರಾಯಚೂರು, ಕಲಬುರಗಿ, ಬಳ್ಳಾರಿಗಳ ಕಡೆ ಪ್ರಯಾಣ ಮಾಡಿದವರಿಗೆ, ನಲವತ್ತು ಡಿಗ್ರಿಯನ್ನು ಮೀರಿದ ಆ ಬಿಸಿಲಿನಲ್ಲಿ ಕಾರಿನ ಕಿಟಕಿ ತೆರೆದರೆ ಒಳಕ್ಕೆ ನುಗ್ಗುವ ಝಳ ಎಂಥದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲದಲ್ಲಿ ಶ್ರೀಮಂತರ ವಿಲಾಸವೆಂದು ಎಣಿಸಲ್ಪಡುತ್ತಿದ್ದ ಹವಾನಿಯಂತ್ರಣವು ಇಂದು ವೃದ್ಧರಿಗೂ, ಹಸುಳೆಗಳಿಗೂ, ಆಸ್ಪತ್ರೆಗೆ ಹೋಗಿಬರುವ ರೋಗಿಗಳಿಗೂ, ದಿನವಿಡೀ ಸ್ಟೀರಿಂಗ್ ಹಿಡಿದು ಸಂಸಾರ ಸಾಗಿಸುವ ಟ್ಯಾಕ್ಸಿ ಚಾಲಕರಿಗೂ ಅವಶ್ಯವಾದ ಸೌಕರ್ಯವಾಗಿದೆ. ಹೀಗಿರುವಲ್ಲಿ, ಕಾರು ಕೊಂಡ ನಾಲ್ಕನೆಯದೋ ಐದನೆಯದೋ ಬೇಸಿಗೆಯಲ್ಲಿ, ಎ.ಸಿ.ಯ ತಂಪು ದಿನೇ ದಿನೇ ಕುಗ್ಗುತ್ತ ಬಂದು, ಮಾಲೀಕನು ಸರ್ವಿಸ್ ಸೆಂಟರಿಗೆ ಗಾಡಿಯನ್ನು ಒಯ್ದಾಗ, “ಗ್ಯಾಸ್ ಲೀಕ್ ಆಗಿದೆ ಸಾರ್, ಕೂಲಿಂಗ್ ಕಾಯಿಲ್ ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, ವಾರಂಟಿ ಮುಗಿದಿದೆ” ಎಂಬ ಉತ್ತರ ಬರುವುದು ನಮ್ಮ ನಾಡಿನಲ್ಲಿ ಎಷ್ಟು ಸಾಮಾನ್ಯವಾಗಿಬಿಟ್ಟಿದೆಯೆಂದರೆ, ಅದರಲ್ಲಿ ಅನ್ಯಾಯವೇನಾದರೂ ಇದೆಯೇ ಎಂದು ಕೇಳುವವರೇ ವಿರಳರಾಗಿದ್ದಾರೆ. ಅನ್ಯಾಯವಿದೆಯೆಂದೇ ನನ್ನ ಅಭಿಪ್ರಾಯ. ಕೊಂಡವನು ಕಣ್ಣಿನಿಂದ ಕಾಣಲಾಗದ, ಕೈಯಿಂದ ಮುಟ್ಟಲಾಗದ, ತಾನಾಗಿ ಕಾಪಾಡಿಕೊಳ್ಳಲಾಗದ ಒಂದು ಭಾಗವು ಅಕಾಲದಲ್ಲಿ ಸೋರತೊಡಗಿದರೆ, ಅದರ ಹೊಣೆಯನ್ನು ಕ್ಯಾಲೆಂಡರಿನ ಒಂದು ದಿನಾಂಕವನ್ನು ತೋರಿಸಿ ಅವನ ತಲೆಗೆ ಕಟ್ಟುವುದು ಧರ್ಮಸಮ್ಮತವಾದ ವ್ಯವಹಾರವಲ್ಲ.

ಈ ಮಾತಿನ ಆಧಾರವನ್ನು ತಿಳಿಯಬೇಕಾದರೆ ಯಂತ್ರದ ಸ್ವರೂಪವನ್ನು ಕೊಂಚ ನೋಡಬೇಕು. ಎಂಜಿನ್ನಿನ ಬಲದಿಂದ ತಿರುಗುವ ಕಂಪ್ರೆಸರು ಅನಿಲವನ್ನು ಅದುಮಿ ಕಾಯಿಸುತ್ತದೆ. ರೇಡಿಯೇಟರಿನ ಮುಂಭಾಗದಲ್ಲಿರುವ ಕಂಡೆನ್ಸರು ಆ ಉಷ್ಣವನ್ನು ಹೊರಗಾಳಿಗೆ ಬಿಟ್ಟು ಅನಿಲವನ್ನು ದ್ರವವಾಗಿಸುತ್ತದೆ. ದ್ರವವು ಎಕ್ಸ್‌ಪ್ಯಾನ್ಷನ್ ವಾಲ್ವಿನ ಸೂಕ್ಷ್ಮ ರಂಧ್ರದ ಮೂಲಕ ಹಾಯ್ದು, ಡ್ಯಾಶ್‌ಬೋರ್ಡಿನ ಗರ್ಭದಲ್ಲಿ ಅಡಗಿರುವ ಎವಾಪೊರೇಟರಿನಲ್ಲಿ, ಎಂದರೆ ನಮ್ಮ ಮೆಕ್ಯಾನಿಕ್ಕುಗಳು ಕೂಲಿಂಗ್ ಕಾಯಿಲ್ ಎಂದು ಕರೆಯುವ ಭಾಗದಲ್ಲಿ, ಮತ್ತೆ ಆವಿಯಾಗುತ್ತ ಸುತ್ತಲಿನ ಗಾಳಿಯ ತಾಪವನ್ನು ಹೀರಿಕೊಳ್ಳುತ್ತದೆ. ನಮ್ಮ ರಸ್ತೆಗಳ ಮೇಲಿರುವ ಬಹುಪಾಲು ಕಾರುಗಳಲ್ಲಿ ಈ ಕೆಲಸವನ್ನು ಮಾಡುವುದು ಆರ್-134ಎ ಎಂಬ ಅನಿಲ. ಸಹಜವಾದ ವಾಯುವಿನ ಒತ್ತಡದಲ್ಲಿ ಅದು ಶೂನ್ಯಕ್ಕಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಸಾಧಾರಣ ಕಾರಿನಲ್ಲಿ ಅದರ ಪ್ರಮಾಣ ಅರ್ಧ ಕಿಲೋಗ್ರಾಮಿನ ಆಸುಪಾಸು. ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೆಂದರೆ, ಇದು ಸಂವೃತವಾದ ಮಂಡಲ. ಪೆಟ್ರೋಲು ಉರಿದು ಮುಗಿಯುವಂತೆ ಈ ಅನಿಲವು ದುಡಿದು ಮುಗಿಯುವುದಿಲ್ಲ. ಕಡಿಮೆಯಾಯಿತೆಂದರೆ ಎಲ್ಲಿಯೋ ಹೊರಗೆ ಹೋಗಿದೆ ಎಂದೇ ಅರ್ಥ.

ಸಂಧಿಗಳಲ್ಲಿರುವ ರಬ್ಬರಿನ ಉಂಗುರಗಳ ಮೂಲಕ, ಕಂಪ್ರೆಸರಿನ ತಿರುಗುವ ದಂಡದ ಸೀಲಿನ ಮೂಲಕ, ಅತ್ಯಲ್ಪ ಪ್ರಮಾಣದಲ್ಲಿ ಅನಿಲ ಹೊರಬೀಳುವುದು ಸ್ವಾಭಾವಿಕ. ಆದರೆ ಆ ಸ್ವಾಭಾವಿಕತೆಗೊಂದು ಮಿತಿಯುಂಟು. ಯೂರೋಪಿನ ಒಕ್ಕೂಟವು 2006ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ, ಒಂದೇ ಎವಾಪೊರೇಟರಿರುವ ಇಂಥ ಎ.ಸಿ.ಯು ವರ್ಷಕ್ಕೆ 40 ಗ್ರಾಮಿಗಿಂತ ಹೆಚ್ಚು ಸೋರತಕ್ಕದ್ದಲ್ಲವೆಂದು ಗೊತ್ತುಪಡಿಸಿತು. ಈ ಲೆಕ್ಕದಲ್ಲಿ ಅರ್ಧ ಕಿಲೋ ಅನಿಲವಿರುವ ಕಾರು ಐದು ವರ್ಷಗಳಲ್ಲಿ ಕಳೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 200 ಗ್ರಾಮು. ಹಾಗಿರುವಾಗ, “ಪ್ರತಿ ಬೇಸಿಗೆಗೂ ಮುಂಚೆ ಗ್ಯಾಸ್ ತುಂಬಿಸಿಕೊಳ್ಳುವುದು ಮಾಮೂಲು” ಎಂದು ನಮ್ಮಲ್ಲಿ ಬೇರೂರಿರುವ ನಂಬಿಕೆಗೆ ಯಾವ ಶಾಸ್ತ್ರದ ಆಧಾರವೂ ಇಲ್ಲ. ತೂತುಬಿದ್ದ ಕೊಡಕ್ಕೆ ನೀರು ಹೊತ್ತಂತೆ ವರ್ಷವರ್ಷವೂ ಅನಿಲ ತುಂಬಿಸುತ್ತ ಹೋಗುವ ಈ ಪದ್ಧತಿಯೇ, ಮೊದಲು ಸಣ್ಣದಾಗಿದ್ದ ದೋಷವನ್ನು ಕೊನೆಗೆ ಮಹಾವೆಚ್ಚದ ದುರಸ್ತಿಯಾಗಿ ಬೆಳೆಸುತ್ತದೆ. ಕಂಪ್ರೆಸರಿಗೆ ಬೇಕಾದ ಎಣ್ಣೆಯು ಅನಿಲದೊಡನೆಯೇ ಸಂಚರಿಸತಕ್ಕದ್ದಾದ್ದರಿಂದ, ಅನಿಲ ಕುಗ್ಗಿದಂತೆ ಎಣ್ಣೆಯ ಪೂರೈಕೆಯೂ ಕುಗ್ಗಿ ಕಂಪ್ರೆಸರು ಒಣಗಿ ಸವೆಯುತ್ತದೆ. ಸವೆದ ಲೋಹದ ಕಣಗಳು ಕೊಳವೆಗಳಲ್ಲೆಲ್ಲ ಹರಡುತ್ತವೆ. ಸೋರಿಕೆಯ ದಾರಿಯಲ್ಲಿ ಒಳಹೊಕ್ಕ ತೇವಾಂಶವು ಎಣ್ಣೆಯೊಡನೆ ಬೆರೆತು ಆಮ್ಲವಾಗಿ ಪರಿಣಮಿಸುತ್ತದೆ. ಮೊದಲ ವರ್ಷವೇ ಒಂದು ರಬ್ಬರಿನ ಉಂಗುರವನ್ನು ಬದಲಿಸಿದ್ದರೆ ತೀರುತ್ತಿದ್ದ ಕೆಲಸಕ್ಕೆ ಮೂರನೆಯ ವರ್ಷ ಕಂಪ್ರೆಸರನ್ನೂ ಕಂಡೆನ್ಸರನ್ನೂ ಬದಲಿಸಬೇಕಾಗುವುದು ಹೀಗೆ.

ನಷ್ಟವು ಮಾಲೀಕನೊಬ್ಬನದೇ ಅಲ್ಲವೆಂಬುದನ್ನೂ ಹೇಳಬೇಕು. ಆರ್-134ಎ ಅನಿಲವು ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಬಲಿಷ್ಠವಾದದ್ದು. ಅರ್ಧ ಕಿಲೋ ಸೋರಿದರೆ ಏಳು ಕ್ವಿಂಟಾಲಿನಷ್ಟು ಡೈಆಕ್ಸೈಡನ್ನು ಆಕಾಶಕ್ಕೆ ಬಿಟ್ಟಂತೆ. ಇಂಥ ಅನಿಲಗಳನ್ನು ಕ್ರಮವಾಗಿ ಕಡಿಮೆ ಮಾಡುವ ಕಿಗಾಲಿ ಒಡಂಬಡಿಕೆಯನ್ನು ಭಾರತವು 2021ರಲ್ಲಿ ಅಂಗೀಕರಿಸಿದೆ. 2032ರಿಂದ ಹಂತಹಂತವಾಗಿ ಇಳಿಸುತ್ತ 2047ರ ಹೊತ್ತಿಗೆ ಶೇಕಡ 85ರಷ್ಟು ತಗ್ಗಿಸುವುದಾಗಿ ನಾವು ಮಾತು ಕೊಟ್ಟಿದ್ದೇವೆ. ಮೇಲೆ ಹೇಳಿದ ಯೂರೋಪಿನ ನಿರ್ದೇಶನವು, ಅಸಹಜವಾದ ಪ್ರಮಾಣದಲ್ಲಿ ಅನಿಲ ಸೋರಿಹೋಗಿರುವ ಕಾರಿಗೆ ದುರಸ್ತಿ ಪೂರೈಸುವ ಮುನ್ನ ಮತ್ತೆ ಅನಿಲ ತುಂಬಕೂಡದೆಂದು ವಿಧಿಸುತ್ತದೆ. ಆ ಒಂದು ನಿಯಮವನ್ನು ನಮ್ಮ ಸರ್ಕಾರವೂ ಜಾರಿಗೆ ತಂದಲ್ಲಿ ಜನರ ಹಣವೂ ಉಳಿಯುತ್ತದೆ, ಕೊಟ್ಟ ಮಾತೂ ಉಳಿಯುತ್ತದೆ.

ಅಲ್ಲಿಯ ತನಕ ಮಾಲೀಕನು ತಾನೇ ಎಚ್ಚರವಾಗಿರಬೇಕಾಗುತ್ತದೆ. ಬಾನೆಟ್ಟಿನ ಅಡಿಯಲ್ಲಿ ಅಂಟಿಸಿರುವ ಚೀಟಿಯ ಮೇಲೆ, ಆ ಕಾರಿಗೆ ಯಾವ ಅನಿಲ, ಎಷ್ಟು ಗ್ರಾಮು ಬೇಕೆಂಬುದು ಮುದ್ರಿತವಾಗಿರುತ್ತದೆ. ಅನಿಲವನ್ನು ಯಂತ್ರದಿಂದ ಹೊರತೆಗೆದಾಗ ಎಷ್ಟು ಗ್ರಾಮು ದೊರೆಯಿತು, ಮತ್ತೆ ಎಷ್ಟು ಗ್ರಾಮು ತುಂಬಲಾಯಿತು ಎಂಬ ಎರಡು ಸಂಖ್ಯೆಗಳನ್ನು ಬಿಲ್ಲಿನಲ್ಲಿ ಬರೆಸಿಕೊಂಡರೆ, ಸೋರಿಕೆಯು ಸಹಜವೋ ಅಸಹಜವೋ ಎಂಬುದು ಯಾರ ಅಭಿಪ್ರಾಯವನ್ನೂ ಅವಲಂಬಿಸದೆ ನಿಶ್ಚಯವಾಗುತ್ತದೆ. ಸೋರುವ ಜಾಗವನ್ನು ಕಣ್ಣಾರೆ ತೋರಿಸಿರೆಂದು ಕೇಳುವುದು ಗ್ರಾಹಕನ ಹಕ್ಕು. ಬಹುಮಂದಿ ಮೆಕ್ಯಾನಿಕ್ಕುಗಳು ವ್ಯಾಕ್ಯೂಮ್ ಎಳೆದು ಮುಳ್ಳು ನಿಂತಿದೆಯೆಂದು ತೋರಿಸಿ ತೃಪ್ತರಾಗುತ್ತಾರಾದರೂ, ಆ ಪರೀಕ್ಷೆಯು ಸಾಲದು. ಬೇಸಿಗೆಯ ಮಧ್ಯಾಹ್ನ ವಾಯುವಿನ ಒತ್ತಡದ ಹದಿನೈದು ಪಟ್ಟನ್ನು ಹೊರಬೇಕಾದ ಕೊಳವೆಯಲ್ಲಿನ ಸೂಕ್ಷ್ಮವಾದ ಬಿರುಕು, ಒಂದೇ ಪಟ್ಟಿನ ವ್ಯತ್ಯಾಸದಲ್ಲಿ ತನ್ನನ್ನು ತೋರಿಸಿಕೊಳ್ಳದಿರಬಹುದು. ಒಣಗಿದ ನೈಟ್ರೋಜನ್ನನ್ನು ಒತ್ತಡದಿಂದ ತುಂಬಿ ಸೋಪಿನ ನೊರೆ ಹಚ್ಚಿ ನೋಡುವುದು, ಎಲೆಕ್ಟ್ರಾನಿಕ್ ಡಿಟೆಕ್ಟರನ್ನು ಹಿಡಿಯುವುದು, ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣವನ್ನು ಎಣ್ಣೆಯೊಡನೆ ಬೆರೆಸಿ ಕೆಲವು ದಿನ ಓಡಿಸಿ ಹುಡುಕುವುದು, ಇವು ನಂಬತಕ್ಕ ಕ್ರಮಗಳು. ಡ್ಯಾಶ್‌ಬೋರ್ಡ್ ಬಿಚ್ಚುವುದಕ್ಕೆ ಮುಂಚೆಯೇ, ಎ.ಸಿ.ಯ ನೀರು ಹೊರಬೀಳುವ ಕೊಳವೆಯ ಬಾಯಲ್ಲಿ ಆ ಬಣ್ಣವೋ ಅನಿಲದ ಸುಳಿವೋ ಸಿಕ್ಕಿತೆಂದರೆ ಕೂಲಿಂಗ್ ಕಾಯಿಲಿನ ಮೇಲಿನ ಶಂಕೆ ದೃಢವಾಗುತ್ತದೆ. ಸಿಗದಿದ್ದರೆ, ಒಂದಿಡೀ ದಿನದ ಲೇಬರ್ ಚಾರ್ಜನ್ನು ತರುವ ಆ ಕೆಲಸಕ್ಕೆ ಅವಸರಪಟ್ಟು ಒಪ್ಪಿಗೆ ಕೊಡಬೇಕಾಗಿಲ್ಲ.

ಈಗ ಹೊಣೆಯ ಪ್ರಶ್ನೆಗೆ ಬರೋಣ. ಎಲ್ಲ ಸೋರಿಕೆಗಳನ್ನೂ ತಯಾರಕರ ಮೇಲೆ ಹೊರಿಸಬೇಕೆಂದು ನಾನು ಹೇಳುವುದಿಲ್ಲ. ಹೆದ್ದಾರಿಯಲ್ಲಿ ಸಿಡಿದ ಕಲ್ಲು ಬಡಿದು ಕಂಡೆನ್ಸರು ತೂತಾದರೆ, ಇಲಿ ಕೊಳವೆಯನ್ನು ಕಡಿದರೆ, ಅದು ಮಾಲೀಕನ ದುರದೃಷ್ಟ. ಮಂಗಳೂರು ಕಾರವಾರಗಳ ಉಪ್ಪುಗಾಳಿಯಲ್ಲಿ ಮುಂಭಾಗದ ಲೋಹ ಬೇಗ ಕ್ಷಯಿಸುವುದೂ ಅನಿವಾರ್ಯ. ಎವಾಪೊರೇಟರಿನ ವಿಚಾರ ಬೇರೆ. ಅದು ಕಲ್ಲಿಗೆ ಸಿಕ್ಕುವುದಿಲ್ಲ, ಬಿಸಿಲಿಗೆ ಒಡ್ಡಿಕೊಳ್ಳುವುದಿಲ್ಲ. ತೆಳುವಾದ ಅಲ್ಯೂಮಿನಿಯಮ್ಮಿನ ಆ ಪದರಗಳ ಮೇಲೆ ಸದಾ ನೀರು ಹನಿಗಟ್ಟುವುದರಿಂದ, ಧೂಳೂ ಎಲೆಯ ಚೂರೂ ಅಲ್ಲಿ ಕೂತು ಕೊಳೆತು ಲೋಹವನ್ನು ತಿನ್ನುವುದುಂಟು. ಹಾಗಾಗದಂತೆ ತಡೆಯಬೇಕಾದ ಕ್ಯಾಬಿನ್ ಫಿಲ್ಟರನ್ನು ಅಗ್ಗದ ಕೆಲವು ಮಾದರಿಗಳಲ್ಲಿ ಕಂಪನಿಗಳೇ ಕೊಡದೆ ಬಿಟ್ಟಿದ್ದುಂಟು. ಫಿಲ್ಟರಿದ್ದು ಮಾಲೀಕನು ಅದನ್ನು ವರ್ಷಗಟ್ಟಲೆ ಬದಲಿಸದೆ ಬಿಟ್ಟಿದ್ದರೆ ಅದು ಸರ್ವಿಸ್ ದಾಖಲೆಯಲ್ಲಿಯೇ ಕಾಣುತ್ತದೆ. ಆಗ ತಯಾರಕರು ಹೊಣೆಯನ್ನು ನಿರಾಕರಿಸಲಿ. ಆದರೆ ಕಾಲಕಾಲಕ್ಕೆ ಕಂಪನಿಯ ಸರ್ವಿಸನ್ನೇ ಮಾಡಿಸಿ, ಫಿಲ್ಟರು ಬದಲಿಸಿ, ಹೇಳಿದುದನ್ನೆಲ್ಲ ನಡೆಸಿದ ಗೃಹಸ್ಥನ ಕಾರಿನಲ್ಲಿ ನಾಲ್ಕನೆಯ ವರ್ಷಕ್ಕೇ ಕಾಯಿಲು ಸೋರಿದರೆ, ದೋಷವು ಲೋಹದ್ದೋ, ಬೆಸುಗೆಯದೋ, ವಿನ್ಯಾಸದ್ದೋ ಆಗಿರಬೇಕಲ್ಲದೆ ಅವನದಾಗಿರಲಾರದು. ಹತ್ತು ಹದಿನೈದು ವರ್ಷ ಓಡುವುದೆಂದು ಮಾರುವ ಕಾರಿನೊಳಗೆ, ಬಿಚ್ಚಲು ಇಡೀ ಡ್ಯಾಶ್‌ಬೋರ್ಡನ್ನೇ ಕೀಳಬೇಕಾದ ಸ್ಥಳದಲ್ಲಿ ಒಂದು ಭಾಗವನ್ನು ಹುದುಗಿಸಿಟ್ಟವರು, ಅದು ಕಾರಿನಷ್ಟೇ ಬಾಳುವುದೆಂಬ ಭರವಸೆಯನ್ನು ಮೌನವಾಗಿ ಕೊಟ್ಟೇ ಇರುತ್ತಾರೆ.

ದೀರ್ಘವಾದ ಭರವಸೆ ಕೊಟ್ಟರೆ ಕಾರಿನ ಬೆಲೆ ಏರುವುದೆಂಬ ಆಕ್ಷೇಪಣೆಯನ್ನು ನಾನು ಬಲ್ಲೆ. ಮನೆಯ ಫ್ರಿಜ್ಜಿನ ಕಂಪ್ರೆಸರಿಗೆ ಹತ್ತು ವರ್ಷಗಳ ವಾರಂಟಿಯನ್ನು ಜಾಹೀರಾತಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಸಾರುವ ಮಾರುಕಟ್ಟೆ ನಮ್ಮದೇ. ವಿದ್ಯುತ್ ಕಾರುಗಳ ಬ್ಯಾಟರಿಗೆ ಎಂಟು ವರ್ಷ, 1,60,000 ಕಿಲೋಮೀಟರುಗಳ ವಾರಂಟಿ ಈಗಾಗಲೇ ರೂಢಿಗೆ ಬಂದಿದೆ. ಇಡೀ ವಾಹನಕ್ಕೊಂದು ಅವಧಿ, ಮುಖ್ಯವಾದ ಒಂದು ಭಾಗಕ್ಕೆ ಮತ್ತೊಂದು ದೀರ್ಘಾವಧಿ ಎಂಬ ತತ್ತ್ವವನ್ನು ತಯಾರಕರೇ ಒಪ್ಪಿರುವಾಗ, ಬ್ಯಾಟರಿಯ ಬೆಲೆಯ ಮುಂದೆ ಅತ್ಯಲ್ಪವಾದ ಕೂಲಿಂಗ್ ಕಾಯಿಲಿಗೆ ಅದನ್ನು ಅನ್ವಯಿಸಲಾಗದೆಂಬ ವಾದ ನಿಲ್ಲುವಂಥದಲ್ಲ. ಭಾಗವು ನಿಜಕ್ಕೂ ಗಟ್ಟಿಯಾಗಿದ್ದರೆ ಈ ಭರವಸೆಗೆ ತಗಲುವ ವೆಚ್ಚ ಅಲ್ಪ. ವೆಚ್ಚ ಅಧಿಕವಾಗುವುದಾದರೆ ಭಾಗವು ದುರ್ಬಲವೆಂದು ಅವರೇ ಒಪ್ಪಿಕೊಂಡಂತೆ.

ಕಾನೂನು ಗ್ರಾಹಕನನ್ನು ಪೂರ್ತಿಯಾಗಿ ಕೈಬಿಟ್ಟಿಲ್ಲ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ದೋಷವನ್ನು ನಿರೂಪಿಸುವಾಗ ಬರೆದ ಕರಾರನ್ನಷ್ಟೇ ಅಲ್ಲದೆ ಬರೆಯದೆಯೂ ಗ್ರಹೀತವಾಗುವ ಕರಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದುದರಿಂದ ವಾರಂಟಿಯ ಪತ್ರದಲ್ಲಿರುವ ದಿನಾಂಕ ಕಳೆಯಿತೆಂಬ ಕಾರಣದಿಂದಲೇ, ತಯಾರಿಕೆಯಲ್ಲಿಯೇ ಅಂತರ್ಗತವಾಗಿದ್ದ ದೋಷವನ್ನು ಕುರಿತ ಪ್ರಶ್ನೆ ಮುಗಿದುಹೋಯಿತೆಂದು ತಿಳಿಯಬೇಕಾಗಿಲ್ಲ. ಆದರೆ ಒಂದು ಸೂಕ್ಷ್ಮವನ್ನು ಅರಿತಿರಬೇಕು. ಇದೇ ಕಾಯಿದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವು ಸರಕಿನಿಂದ ಜನರಿಗೆ, ಅನ್ಯ ವಸ್ತುಗಳಿಗೆ ಆದ ಹಾನಿಯನ್ನು ಕುರಿತದ್ದು. ಸರಕಿಗೇ ಆದ ಹಾನಿಯನ್ನು ಅದು ಹೊರತುಪಡಿಸುತ್ತದೆ. ಸೋರುವ ಕಾಯಿಲಿಗಾಗಿ ದೂರುವವರು ಆ ಅಧ್ಯಾಯವನ್ನು ನೆಚ್ಚದೆ, ಸರಕಿನ ದೋಷವೆಂದೇ ದೂರನ್ನು ರಚಿಸತಕ್ಕದ್ದು. ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಐದು ಲಕ್ಷದಿಂದ ಹತ್ತು ಲಕ್ಷದವರೆಗಿನ ಬೆಲೆಯ ಕಾರಾದರೆ ಶುಲ್ಕ ಕೇವಲ 200 ರೂಪಾಯಿ. ದೋಷವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಕಳುಹಿಸುವ ಅಧಿಕಾರ ಆಯೋಗಕ್ಕಿದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿಯೇ ಕಾರು ಓಡಿಸುವ ಟ್ಯಾಕ್ಸಿ ಚಾಲಕನೂ ಕಾಯಿದೆಯ ದೃಷ್ಟಿಯಲ್ಲಿ ಗ್ರಾಹಕನೇ. ವ್ಯಾಜ್ಯಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ದೂರು ದಾಖಲಾಗಬೇಕಾದ್ದರಿಂದ, ಸೋರಿಕೆ ಪತ್ತೆಯಾದ ದಿನಾಂಕವಿರುವ ಲಿಖಿತ ವರದಿಯನ್ನೂ, ಬಿಚ್ಚಿತೆಗೆದ ಹಳೆಯ ಕಾಯಿಲನ್ನೂ ಕೇಳಿ ಪಡೆದು ಜೋಪಾನವಾಗಿಟ್ಟುಕೊಳ್ಳಬೇಕು. ಕೋರ್ಟಿನ ಮಾತೆತ್ತುವ ಮುಂಚೆ, ಪೂರ್ಣವಾದ ಸರ್ವಿಸ್ ದಾಖಲೆಯೊಡನೆ ಕಂಪನಿಯ ಕೇಂದ್ರ ಕಚೇರಿಗೆ ವಿನಯವಾದ, ಆದರೆ ಖಚಿತವಾದ ಒಂದು ಪತ್ರ ಬರೆಯುವುದೂ ಯುಕ್ತ. ಗುಡ್‌ವಿಲ್ ಎಂಬ ಹೆಸರಿನಲ್ಲಿ ಭಾಗದ ಬೆಲೆಯನ್ನೋ ಅದರ ಅರ್ಧವನ್ನೋ ಕಂಪನಿಗಳು ಭರಿಸುವುದುಂಟು, ಕೇಳಿದವರಿಗೆ ಮಾತ್ರ.

ದುರಸ್ತಿಯ ವೆಚ್ಚ ಇಷ್ಟೊಂದು ಏರಿರುವುದಕ್ಕೆ ಇನ್ನೊಂದು ಕಾರಣವಿದೆ. ಬಿಡಿಭಾಗಗಳನ್ನೂ ಪರೀಕ್ಷಾಸಾಧನಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ದೊರಕದಂತೆ ಮಾಡಿದುದಕ್ಕಾಗಿ ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ದಂಡದ ಮೊತ್ತವನ್ನು ಕುರಿತು ಮೇಲ್ಮನವಿಗಳು ನಡೆದವಾದರೂ, ಆ ಆದೇಶವು ಎತ್ತಿಹಿಡಿದ ತತ್ತ್ವವು ಇಂದಿಗೂ ಪ್ರಸ್ತುತವಾಗಿದೆ. ಕೇಂದ್ರ ಸರ್ಕಾರವು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗೆಂದು ಆರಂಭಿಸಿದ ಜಾಲತಾಣದಲ್ಲಿ ವಾಹನಗಳೂ ಸೇರಿವೆ. ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರಿನಲ್ಲಿ ಶೇಕಡ 28ರಿಂದ 18ಕ್ಕೆ ಇಳಿದಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ಹುಬ್ಬಳ್ಳಿ ಮೈಸೂರುಗಳ ಗಲ್ಲಿಗಳಲ್ಲಾಗಲಿ, ಎ.ಸಿ. ಕೆಲಸವನ್ನೇ ಜೀವನವಾಗಿ ಮಾಡಿಕೊಂಡ ನುರಿತ ಕೈಗಳಿವೆ. ತೂಗುವ ಯಂತ್ರ, ನೈಟ್ರೋಜನ್ ಸಿಲಿಂಡರು, ಡಿಟೆಕ್ಟರುಗಳನ್ನು ಕೊಳ್ಳಲು ಅವರಿಗೆ ಸಾಲಸೌಲಭ್ಯವೂ ಸಮರ್ಪಕವಾದ ತರಬೇತಿಯೂ ದೊರಕುವಂತೆ ರಾಜ್ಯ ಸರ್ಕಾರ ಏರ್ಪಾಡು ಮಾಡಿದರೆ ಅದು ಸಾವಿರಾರು ಸಂಸಾರಗಳಿಗೆ ಉಪಕಾರವಾದೀತು.

ಕಾರು ಕೊಂಡು ಇನ್ನೂ ವಾರಂಟಿಯ ಒಳಗಿರುವವರಿಗೆ ಒಂದು ಮಾತು. ಅವಧಿ ಮುಗಿಯಲು ಎರಡು ಮೂರು ತಿಂಗಳಿರುವಾಗಲೇ, ತಂಪು ಚೆನ್ನಾಗಿದ್ದರೂ ಸರಿಯೆ, ಎ.ಸಿ.ಯ ಅನಿಲವನ್ನು ಹೊರತೆಗೆಸಿ ತೂಗಿಸಬೇಕು. ಬಾನೆಟ್ಟಿನ ಚೀಟಿಯಲ್ಲಿ ನಮೂದಿಸಿದ್ದಕ್ಕಿಂತ ತೂಕವು ವರ್ಷಕ್ಕೆ 40 ಗ್ರಾಮಿನ ಲೆಕ್ಕವನ್ನು ಮೀರಿ ಕಡಿಮೆ ಬಂದಲ್ಲಿ, ಸೋರಿಕೆಯಿದೆಯೆಂದು ಅಂದೇ ಜಾಬ್ ಕಾರ್ಡಿನಲ್ಲಿ ಬರೆಸಿ ಅದರ ಪ್ರತಿಯನ್ನು ಕೈಯಲ್ಲಿಟ್ಟುಕೊಳ್ಳಬೇಕು. ಮುಂದೆ ಕಾಯಿಲು ಬದಲಿಸುವ ಕೆಲಸ ಎಷ್ಟು ತಡವಾದರೂ, ದೋಷವು ವಾರಂಟಿಯ ಒಳಗೇ ಹುಟ್ಟಿತ್ತೆಂಬುದಕ್ಕೆ ಆ ಕಾಗದವೇ ಸಾಕ್ಷಿಯಾಗುತ್ತದೆ.